ಮಳೆಗಾಲದ ಬೈಬಲ್ ಸ್ಟಡಿ: ಮೆಸ್ಸೀಯನ ಪ್ರವಾದನೆಗಳನ್ನು ಹೀಬ್ರೂ ಮೂಲ ಇಟ್ಟುಕೊಂಡು ಓದಿಸುವುದು ಹೇಗೆ?

ಸಿದ್ದಾಪುರ ಕೂಟ

ಜೂನ್ ಎರಡನೇ ವಾರದಿಂದ ಆಗಸ್ಟ್ ಕೊನೆಯವರೆಗೆ ಹನ್ನೆರಡು ಭಾನುವಾರ, ದಿನಕ್ಕೆ ಒಂದೂವರೆ ಗಂಟೆ, ಮೆಸ್ಸೀಯನ (ದೇವರು ಕಳುಹಿಸುವ ಅಭಿಷಿಕ್ತನ) ಪ್ರವಾದನೆಗಳ ಮೇಲೆ ಬೈಬಲ್ ಸ್ಟಡಿ ಇಡೋಣ ಅಂತ ತೀರ್ಮಾನವಾಗಿದೆ. ಮಳೆ ಹಿಡಿದ ಮೇಲೆ ತೋಟದ ಕೆಲಸ ಕಡಿಮೆ. ಡಿಸೆಂಬರ್ ಬಂದರೆ ಕಾಫಿ ಕೊಯ್ಲು, ಆಗ ಯಾರೂ ಸಿಗುವುದಿಲ್ಲ. ಹದಿನೈದು ಜನ ಸೇರಬಹುದು. ಕೆಲವರ ಕೈಯಲ್ಲಿ ಮಲಯಾಳಂ ಬೈಬಲ್, ಕೆಲವರದು ತಮಿಳು, ಮೂರು ಕುಟುಂಬ ಕಥೋಲಿಕರು.

ಕೇಳಬೇಕಾದದ್ದು ಇಷ್ಟು. ವಾಟ್ಸಾಪಿನಲ್ಲಿ ಓಡಾಡುವ "ಯೇಸುವಿನಲ್ಲಿ ನೆರವೇರಿದ 300ಕ್ಕೂ ಹೆಚ್ಚು ಪ್ರವಾದನೆಗಳು" ಪಟ್ಟಿ ಇಟ್ಟುಕೊಂಡು ನಡೆಸಬಹುದಾ? ಹೀಬ್ರೂ ಎಷ್ಟು ಕಲಿಸಿದರೆ ಸಾಕು? ಕೊನೆಯ ವಾರ ಪಸ್ಕದ (ಯೆಹೂದಿಗಳ ಬಿಡುಗಡೆ ಹಬ್ಬದ) ಊಟ ಮಾಡಿಸಬೇಕು ಅಂತ ಯೂತ್ ಗ್ರೂಪಿನ ಆಸೆ. ಅಕ್ಕಿರೊಟ್ಟಿ ಹುಳಿ ಇಲ್ಲದ್ದೇ ತಾನೆ, ಅದನ್ನೇ ಇಡಬಹುದಾ?

ಬೆಟ್ಟದ ಓದುಗ, ಮಡಿಕೇರಿ

ಪಟ್ಟಿಯನ್ನು ಮೊದಲು ಪಕ್ಕಕ್ಕಿಡಿ. ಇಂಥ ಪಟ್ಟಿಗಳಿಗೆ ಬೆಂಬಲವಾಗಿ ಜನ ಎತ್ತಿಹಿಡಿಯುವುದು ಆಲ್ಫ್ರೆಡ್ ಎಡರ್‌ಶೈಮ್ 1883ರಲ್ಲಿ ಪ್ರಕಟಿಸಿದ ಯೇಸುವಿನ ಜೀವನಚರಿತ್ರೆಯ ಅನುಬಂಧವನ್ನು. ಅಲ್ಲಿ ಹಳೆ ಒಡಂಬಡಿಕೆಯ 456 ಭಾಗಗಳಿವೆ: ಪಂಚಗ್ರಂಥಗಳಿಂದ 75, ಪ್ರವಾದಿಗಳಿಂದ 243, ಉಳಿದ ಬರಹಗಳಿಂದ 138. ಆದರೆ ಆತ ಕೊಟ್ಟದ್ದು "ನೆರವೇರಿದ ಪ್ರವಾದನೆ"ಗಳ ಪಟ್ಟಿಯಲ್ಲ. ಹಳೆಯ ಯೆಹೂದಿ ರಬ್ಬಿಗಳು ಮೆಸ್ಸೀಯನಿಗೋ ಮೆಸ್ಸೀಯನ ಕಾಲಕ್ಕೋ ಅನ್ವಯಿಸಿದ ವಚನಗಳ ಪಟ್ಟಿ ಅದು. ಎರಡೂ ಬೇರೆ ಬೇರೆ ಸಂಗತಿ. ಇದನ್ನು ಕಲಸಿಬಿಟ್ಟರೆ ಮೊದಲ ವಾರವೇ ತಪ್ಪು ದಾರಿ ಹಿಡಿದ ಹಾಗೆ.

ಹನ್ನೆರಡು ವಾರಕ್ಕೆ ಎಂಟು ಭಾಗ ಸಾಕು: 2 ಸಮುವೇಲ 7, ಯೆಶಾಯ 7ರಿಂದ 11, ಮೀಕ 5, ಕೀರ್ತನೆ 22, ಕೀರ್ತನೆ 110, ಯೆಶಾಯ 52:13ರಿಂದ 53ರ ಕೊನೆ, ದಾನಿಯೇಲ 9, ಜೆಕರ್ಯ 9ರಿಂದ 12. ಯೆಶಾಯನಿಗೆ ನಾಲ್ಕು ವಾರ ಕೊಡಿ. 2 ಸಮುವೇಲ 7 ಮೊದಲೇ ಬರಬೇಕು. ದಾವೀದನ ಮನೆತನಕ್ಕೆ ಕೊಟ್ಟ ಮಾತು ಗೊತ್ತಿಲ್ಲದೆ ಯೆಶಾಯ 7ಕ್ಕೆ ಹೋದರೆ, ಯೆಹೂದದ ಅರಸ ಆಹಾಜನ ಸಿಂಹಾಸನ ಅಲುಗಾಡಿದ್ದು ಯಾಕೆ ಅಷ್ಟು ದೊಡ್ಡ ವಿಷಯ ಅನ್ನುವುದೇ ಹಿಡಿಯುವುದಿಲ್ಲ.

ಪ್ರತಿ ಭಾಗವನ್ನೂ ಮೂರು ಸಲ ಓದಿಸಿ, ಅದೂ ಇದೇ ಕ್ರಮದಲ್ಲಿ. ಮೊದಲು ಆ ಮಾತು ಹೇಳಿದ ಕಾಲಕ್ಕೆ ಕೇಳುಗರು ಏನು ತಿಳಿದುಕೊಂಡಿರಬಹುದು ಎಂದು. ಆಮೇಲೆ ಯೇಸುವಿಗೆ ಮುಂಚೆಯೂ ನಂತರವೂ ಯೆಹೂದಿಗಳು ಹೇಗೆ ಓದಿದರು ಎಂದು: ಹಳೆ ಒಡಂಬಡಿಕೆಯ ಗ್ರೀಕ್ ಅನುವಾದ ಸೆಪ್ಟುವಜಿಂಟ್, ಮೃತಸಮುದ್ರದ ಬಳಿಯ ಕುಮ್ರಾನ್ ಗುಹೆಗಳ ಸುರುಳಿಗಳು, ಅರಾಮಿಕ್ ಅನುವಾದ ತಾರ್ಗುಮ್, ರಬ್ಬಿಗಳ ಚರ್ಚೆಗಳ ಸಂಗ್ರಹ ತಾಲ್ಮುದ್, ಮಧ್ಯಯುಗದ ವ್ಯಾಖ್ಯಾನಕಾರ ರಾಶಿ. ಕೊನೆಗೆ ಹೊಸ ಒಡಂಬಡಿಕೆ. ಎಲ್ಲರೂ ಮೂರನೆಯದರಿಂದ ಶುರುಮಾಡುತ್ತಾರೆ. ಹಾಗಾದಾಗ ಉತ್ತರ ಮೊದಲೇ ಕೈಗೆ ಬಂದಿರುತ್ತದೆ, ಮೂಲವಾಕ್ಯವನ್ನು ಯಾರೂ ನೋಡುವುದಿಲ್ಲ.

ಕಿರುಯೋದ್, ವಿರಾಜಪೇಟೆ

ಹೀಬ್ರೂ ಎಷ್ಟು ಅಂದರೆ: ಅಕ್ಷರ ಓದಲು, ಪದದ ಮೂಲ ಗುರುತಿಸಲು ಬಂದರೆ ಸಾಕು. ವ್ಯಾಕರಣ ಹನ್ನೆರಡು ವಾರದಲ್ಲಿ ಆಗುವ ಮಾತಲ್ಲ, ಆಗುತ್ತದೆ ಅಂತ ಆಸೆ ತೋರಿಸಲೂ ಬೇಡಿ.

22 ಅಕ್ಷರ. ದಿನಕ್ಕೆ ಮೂರರಂತೆ ಎಂಟು ದಿನ. ಐದು ಅಕ್ಷರಗಳಿಗೆ (ಕಾಫ್, ಮೇಮ್, ನೂನ್, ಪೇ, ತ್ಸಾದೆ) ಪದದ ಕೊನೆಯಲ್ಲಿ ಬಂದಾಗ ಬೇರೆ ರೂಪ ಇದೆ. ಬರೆಸುವುದಾದರೆ ನಾಲ್ಕು ಗೆರೆ ಕಾಪಿ ಬೇಡ, ಲೆಕ್ಕದ ಚೌಕಳಿ ಪುಸ್ತಕ ಕೊಡಿ. ಅಕ್ಷರ ಒಂದು ಚೌಕದಲ್ಲಿ ಕೂರಬೇಕು. ಲಾಮೆದ್ ಒಂದೇ ಮೇಲಿನ ಗೆರೆ ದಾಟುತ್ತದೆ. ಕೋಫ್ ಮತ್ತು ಕೊನೆರೂಪದ ಕಾಫ್, ನೂನ್, ಪೇ, ತ್ಸಾದೆ ಕೆಳಗೆ ಇಳಿಯುತ್ತವೆ. ಇಷ್ಟು ಕಣ್ಣಿಗೆ ಬಿದ್ದರೆ ಅರ್ಧ ಗೊಂದಲ ತೀರಿತು.

ಎಡವುವ ಜೋಡಿಗಳು: ಬೇತ್–ಕಾಫ್, ಹೇ–ಹೇತ್, ವಾವ್–ಜಯಿನ್, ಕೊನೆಯ ಮೇಮ್–ಸಾಮೆಖ್, ಎಲ್ಲಕ್ಕಿಂತ ಮುಖ್ಯವಾಗಿ ದಾಲೆತ್–ರೇಶ್. ದಾಲೆತ್‌ನ ಮೇಲಿನ ಬಲಮೂಲೆ ಚೂಪಾಗಿ ಹೊರಚಾಚಿರುತ್ತದೆ, ರೇಶ್‌ನದು ದುಂಡಗೆ. ಧರ್ಮೋಪದೇಶಕಾಂಡ 6:4ರ "ಎಖಾದ್" (ಒಬ್ಬನೇ) ಪದದಲ್ಲಿ ದಾಲೆತ್ ತಪ್ಪಿ ರೇಶ್ ಆದರೆ "ಅಖೇರ್", ಅಂದರೆ ಬೇರೆ ದೇವರು! ಅದಕ್ಕೇ ಪಾರಂಪರಿಕ ಪ್ರತಿಗಳಲ್ಲಿ ಆ ದಾಲೆತ್ ದೊಡ್ಡದಾಗಿ ಬರೆದಿರುತ್ತದೆ. ವಿಮೋಚನಕಾಂಡ 34:14ರ "ಅಖೇರ್"ನಲ್ಲಿ ರೇಶ್ ದೊಡ್ಡದು. ಇವೆರಡನ್ನೂ ಒಂದೇ ಹಾಳೆಯಲ್ಲಿ ಪ್ರಿಂಟ್ ಹಾಕಿ ತೋರಿಸಿ, ಮತ್ತೆ ಯಾರೂ ಮರೆಯುವುದಿಲ್ಲ.

ಕನ್ನಡದವರಿಗೆ ಒಂದು ಅನುಕೂಲ, ಒಂದು ಅಡ್ಡಿ. ಅನುಕೂಲ: ಒತ್ತಕ್ಷರದ ಅಭ್ಯಾಸ ಇರುವುದರಿಂದ ದಾಗೇಶ್ (ಅಕ್ಷರದೊಳಗಿನ) ಚುಕ್ಕಿಯ ದ್ವಿತ್ವ ತಾನಾಗಿ ಬರುತ್ತದೆ. "ಶಬ್ಬಾತ್" ಅನ್ನುವಲ್ಲಿ ಇಂಗ್ಲಿಷ್ ಮಾತಾಡುವವರು ತಡವರಿಸುವ ಹಾಗೆ ನಾವು ತಡವರಿಸುವುದಿಲ್ಲ. ಅಡ್ಡಿ: ನಮ್ಮ ಲಿಪಿಯಲ್ಲಿ ಬರೆದುಕೊಂಡರೆ ಆಲೆಫ್ ಮತ್ತು ಆಯಿನ್ ಎರಡೂ "ಅ", ತೇತ್ ಮತ್ತು ತಾವ್ ಎರಡೂ "ತ", ಕಾಫ್ ಮತ್ತು ಕೋಫ್ ಎರಡೂ "ಕ". ಆಮೇಲೆ ನಿಘಂಟಿನಲ್ಲಿ ಹುಡುಕಲು ಹೋದರೆ ಪದ ಸಿಗುವುದಿಲ್ಲ. ಮೂರನೇ ವಾರದ ಹೊತ್ತಿಗೆ ಕನ್ನಡ ಲಿಪ್ಯಂತರ ನಿಲ್ಲಿಸಿಬಿಡಿ.

ಇನ್ನೊಂದು, ಪದದ ಕೊನೆಯ ಹೇತ್ ಕೆಳಗೆ "ಅ" ಸ್ವರಚಿಹ್ನೆ ಇದ್ದರೆ ಸ್ವರ ಮೊದಲು, ವ್ಯಂಜನ ಆಮೇಲೆ. "ಮಾಶೀಖ" ಅಲ್ಲ, "ಮಾಶೀಅಖ್". "ರೂಖ" ಅಲ್ಲ, "ರೂಅಖ್".

ಮೂರನೇ ಬೆಂಚು, ಕುಶಾಲನಗರ

ವಚನಸಂಖ್ಯೆಯ ವಿಷಯ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಅರ್ಧ ಗಂಟೆ "ನನ್ನದರಲ್ಲಿ ಆ ವಚನ ಇಲ್ಲ"ದಲ್ಲೇ ಹೋಗುತ್ತದೆ. ಹೀಬ್ರೂ ಮುದ್ರಣದಲ್ಲಿ ಯೆಶಾಯ 9:6 ಅಂದರೆ 9:5. ಮೀಕ 5:2 ಅಂದರೆ 5:1. ಕೀರ್ತನೆಗಳಲ್ಲಿ ಶೀರ್ಷಿಕೆಗೂ ಹಲವು ಕಡೆ ನಂಬರ್ ಇರುವುದರಿಂದ 22:16 ಹೋಗಿ 22:17 ಆಗುತ್ತದೆ. ಮಲಾಕಿಗೆ ಹೀಬ್ರೂವಿನಲ್ಲಿ ಮೂರೇ ಅಧ್ಯಾಯ, ಯೋವೇಲನಿಗೆ ನಾಲ್ಕು. ಹಾಳೆಯಲ್ಲಿ ಎರಡೂ ಸಂಖ್ಯೆ ಹಾಕಿ.

ಕಥೋಲಿಕ ಕುಟುಂಬಗಳ ಬೈಬಲಿನಲ್ಲಿ "ಯೆಹೋವ" ಇರುವ ಕಡೆ "ಸರ್ವೇಶ್ವರ" ಇರುತ್ತದೆ. ಕೀರ್ತನೆ 110:1ರಲ್ಲಿ ಇದು ತೊಡಕಾಗುತ್ತದೆ, ಯಾಕೆಂದರೆ ಅಲ್ಲಿ ಎರಡು ಬೇರೆ ಪದಗಳಿವೆ: ನಾಲ್ಕಕ್ಷರದ ದೇವನಾಮ ಒಂದು, "ಅದೋನಿ" (ನನ್ನ ಒಡೆಯ) ಇನ್ನೊಂದು. ಯಾರು ಯಾರಿಗೆ ಹೇಳಿದ್ದು ಅನ್ನುವುದೇ ಆ ಕೀರ್ತನೆಯ ಪ್ರಶ್ನೆ, ಮತ್ತಾಯ 22ರಲ್ಲಿ ಯೇಸು ಕೇಳುವುದೂ ಅದನ್ನೇ.

ಅವರ ಬೈಬಲಿನಲ್ಲಿ ಜ್ಞಾನಗ್ರಂಥವೂ ಇರುತ್ತದೆ. ಅದರ 2:12–20 ಓದಿಸಿ: ನೀತಿವಂತನೊಬ್ಬನಿಗೆ ಹೊಂಚುಹಾಕಿ, ದೇವರ ಮಗನಾದರೆ ದೇವರೇ ಬಿಡಿಸಲಿ ಎಂದು ಹಂಗಿಸುವ ಭಾಗ. ಯೇಸುವಿಗೆ ಮುಂಚಿನ ಯೆಹೂದಿಗಳು ಯೆಶಾಯನ ಸೇವಕನ ಮಾತುಗಳನ್ನು ಹೇಗೆ ಮುಂದುವರಿಸಿ ಯೋಚಿಸುತ್ತಿದ್ದರು ಅಂತ ತೋರಿಸಲು ಇದರಷ್ಟು ಒಳ್ಳೆಯ ಪಠ್ಯ ಕಡಿಮೆ.

ಬೆಟ್ಟದ ಓದುಗ, ಮಡಿಕೇರಿ

ಯೆಶಾಯ 7:14 ("ಕನ್ಯೆಯು ಗರ್ಭವತಿಯಾಗಿ ಮಗನನ್ನು ಹೆರುವಳು" ಅಂತ ನಾವು ಓದುವ ವಚನ) ಬಗ್ಗೆ ಬಿಡಿಸಿ ಬರೆಯುತ್ತೇನೆ, ಸಭೆಗಳಲ್ಲಿ ಅತಿ ಹೆಚ್ಚು ಜಗಳ ಆಗುವುದು ಇಲ್ಲೇ.

ಸಂದರ್ಭ: ಸುಮಾರು ಕ್ರಿ.ಪೂ. 734. ಸಿರಿಯದ ರೆಚೀನ, ಇಸ್ರಾಯೇಲಿನ ಪೆಕಹ ಇಬ್ಬರೂ ಸೇರಿ ಯೆರೂಸಲೇಮಿನ ಮೇಲೆ ಬಂದಿದ್ದಾರೆ, ಆಹಾಜನನ್ನು ಇಳಿಸಿ ಬೇರೊಬ್ಬನನ್ನು ಕೂರಿಸಲು. ಗುರುತು ಕೊಟ್ಟದ್ದು ಆಹಾಜನಿಗೆ. 16ನೇ ವಚನ ಕಾಲಮಿತಿಯನ್ನೂ ಹಾಕುತ್ತದೆ: ಮಗು ಕೆಟ್ಟದ್ದನ್ನು ಬಿಟ್ಟು ಒಳ್ಳೆಯದನ್ನು ಆರಿಸುವಷ್ಟು ದೊಡ್ಡದಾಗುವ ಮುಂಚೆ ಆ ಇಬ್ಬರು ಅರಸರ ದೇಶ ಹಾಳಾಗುತ್ತದೆ. ದಮಸ್ಕ ಬಿದ್ದದ್ದು 732ರಲ್ಲಿ, ಸಮಾರ್ಯ 722ರಲ್ಲಿ. 14ನ್ನು ಓದಿ 16ನ್ನು ಬಿಡುವುದೇ ಇಲ್ಲಿ ನಡೆಯುವ ಮೊದಲ ತಪ್ಪು.

ಪದ: "ಅಲ್ಮಾ". ಹೀಬ್ರೂ ಬೈಬಲಿನಲ್ಲಿ ಏಳು ಕಡೆ ಬರುತ್ತದೆ (ಆದಿಕಾಂಡ 24:43, ವಿಮೋಚನಕಾಂಡ 2:8, ಕೀರ್ತನೆ 68:25, ಜ್ಞಾನೋಕ್ತಿ 30:19, ಪರಮಗೀತ 1:3 ಮತ್ತು 6:8, ಇಲ್ಲಿ). ಮದುವೆಯ ವಯಸ್ಸಿನ ಹುಡುಗಿ ಅಂತ ಅರ್ಥ. ಒಂದು ಗುಂಪು "ಅದು ಬರೀ ಯುವತಿ, ಕನ್ಯೆಗೆ ಬೆತೂಲಾ ಅಂತ ಬೇರೆ ಪದ ಇದೆ" ಅನ್ನುತ್ತದೆ. ಅದೂ ಅಷ್ಟು ಸಲೀಸಲ್ಲ: ಯೋವೇಲ 1:8ರ ಬೆತೂಲಾ ತನ್ನ ಗಂಡನಿಗಾಗಿ ಗೋಳಾಡುತ್ತಾಳೆ, ಆದಿಕಾಂಡ 24ರಲ್ಲಿ ರೆಬೆಕ್ಕ 16ನೇ ವಚನದಲ್ಲಿ ಬೆತೂಲಾ, 43ರಲ್ಲಿ ಅಲ್ಮಾ. ಇನ್ನೊಂದು ಗುಂಪು "ಮೂಲದಲ್ಲಿ ಕನ್ಯೆ ಅಂತಲೇ ಇತ್ತು, ಯೆಹೂದಿಗಳು ತಿದ್ದಿದರು" ಅನ್ನುತ್ತದೆ. ಅದು ಸುಳ್ಳು. 1947ರಲ್ಲಿ ಕುಮ್ರಾನ್ ಗುಹೆಯಲ್ಲಿ ಸಿಕ್ಕ ದೊಡ್ಡ ಯೆಶಾಯ ಸುರುಳಿ (54 ಕಾಲಂ, 7.34 ಮೀಟರ್) ಯೇಸುವಿಗಿಂತ ಸುಮಾರು ನೂರು ವರ್ಷ ಹಳೆಯದು. ಅಲ್ಲೂ "ಹಾ-ಅಲ್ಮಾ" ಅಂತಲೇ ಇದೆ. "ಪಾರ್ಥೆನೋಸ್" ಅಂದರೆ ಕನ್ಯೆ ಎಂದು ಗ್ರೀಕಿಗೆ ತಂದವರು ಕ್ರೈಸ್ತರಲ್ಲ, ಕ್ರಿಸ್ತಪೂರ್ವದ ಯೆಹೂದಿ ಅನುವಾದಕರು. ಮತ್ತಾಯ ಉದ್ಧರಿಸುವುದು ಆ ಗ್ರೀಕನ್ನು.

ನಿಮ್ಮವರ ಕೈಯಲ್ಲಿರುವ ಕನ್ನಡ, ಮಲಯಾಳಂ, ತಮಿಳು ಬೈಬಲ್ ಎಲ್ಲ ತೆರೆಸಿ, ಯಾವುದರಲ್ಲಿ ಏನಿದೆ, ಅಡಿಟಿಪ್ಪಣಿ ಏನು ಹೇಳುತ್ತದೆ ಅಂತ ಬೋರ್ಡಿನ ಮೇಲೆ ಬರೆಸಿ. ಮೂರು ಭಾಷೆಯ ಸಭೆ ಇಲ್ಲಿ ತೊಂದರೆಯಲ್ಲ, ಲಾಭ.

ಸಿದ್ದಾಪುರ ಕೂಟ

ಇಷ್ಟನ್ನೆಲ್ಲ ಹೇಳಿದರೆ, "ಹಾಗಾದರೆ ಅದು ಯೇಸುವಿನ ಬಗ್ಗೆ ಅಲ್ವಾ?" ಅಂತ ಎದ್ದು ನಿಲ್ಲುತ್ತಾರೆ. ಹಿರಿಯರಿಗೆ ಏನು ಹೇಳುವುದು?

ಬೆಟ್ಟದ ಓದುಗ, ಮಡಿಕೇರಿ

ಮತ್ತಾಯ 2ನ್ನು ಮುಂದಿಡಿ. ಒಂದೇ ಅಧ್ಯಾಯದಲ್ಲಿ ನಾಲ್ಕು ಸಲ ಪ್ರವಾದಿಗಳ ಮಾತು ಬರುತ್ತದೆ, ನಾಲ್ಕೂ ಬೇರೆ ಬೇರೆ ಥರ. ಬೇತ್ಲೆಹೇಮ್ (ಮೀಕ 5) ನೇರ ಮುನ್ನುಡಿ, ಅದೂ ಯಾಜಕರ ಶಾಸ್ತ್ರಿಗಳ ಬಾಯಲ್ಲಿ. "ಐಗುಪ್ತದಿಂದ ನನ್ನ ಮಗನನ್ನು ಕರೆದೆನು" ಅನ್ನುವುದು ಹೋಶೇಯ 11:1. ಅಲ್ಲಿ ಮಗ ಅಂದರೆ ಇಸ್ರಾಯೇಲ್ ಜನ, ಕ್ರಿಯೆ ಭೂತಕಾಲದ್ದು, ಮುಂದಿನ ವಚನದಲ್ಲೇ ಆ ಮಗ ವಿಗ್ರಹಕ್ಕೆ ಧೂಪ ಹಾಕುತ್ತಾನೆ. ರಾಹೇಲಳ ಅಳು (ಯೆರೆಮೀಯ 31:15) ಬಾಬೆಲಿಗೆ ಸೆರೆಹೋದವರ ಕುರಿತು. "ನಜರಾಯನೆನಿಸಿಕೊಳ್ಳುವನು" ಅನ್ನುವ ವಾಕ್ಯ ಹಳೆ ಒಡಂಬಡಿಕೆಯಲ್ಲಿ ಎಲ್ಲೂ ಇಲ್ಲ. ಮತ್ತಾಯನೂ "ಪ್ರವಾದಿಗಳು" ಅಂತ ಬಹುವಚನ ಹಾಕಿದ್ದಾನೆ, ಯೆಶಾಯ 11:1ರ "ನೇಟ್ಸೆರ್" (ಚಿಗುರು) ಮನಸ್ಸಿನಲ್ಲಿ ಇದ್ದಿರಬಹುದು.

ಅಂದರೆ ಮತ್ತಾಯನಿಗೆ "ನೆರವೇರುವುದು" ಭವಿಷ್ಯ ನುಡಿದು ನಿಜವಾಗುವುದು ಮಾತ್ರ ಅಲ್ಲ. ಇಸ್ರಾಯೇಲ್ ನಡೆದ ದಾರಿಯನ್ನು ಯೇಸು ಮತ್ತೆ ನಡೆದು ಪೂರ್ತಿಮಾಡುವುದು ಕೂಡ. ಇದನ್ನು ಒಪ್ಪಿಕೊಂಡವರಿಗೆ ಯೆಶಾಯ 7 ಆಹಾಜನ ಕಾಲಕ್ಕೂ ಸಲ್ಲುತ್ತದೆ ಅಂದರೆ ಭಯವಾಗುವುದಿಲ್ಲ. ಭಯಪಡಬೇಕಾದದ್ದು, ಕಾಲೇಜಿಗೆ ಹೋದ ಹುಡುಗ ಇಂಟರ್ನೆಟ್ಟಿನಲ್ಲಿ ಹೋಶೇಯ 11:2 ಓದಿ ನಮ್ಮ ಸಭೆಯಲ್ಲಿ ಇದನ್ನು ಯಾಕೆ ಮುಚ್ಚಿಟ್ಟರು ಅಂತ ಕೇಳುವುದಕ್ಕೆ.

ಮೂರನೇ ಬೆಂಚು, ಕುಶಾಲನಗರ

ಒಪ್ಪುತ್ತೇನೆ, ಆದರೆ ಎಲ್ಲವನ್ನೂ "ಎರಡು ನೆರವೇರಿಕೆ" ಅಂತ ತೇಲಿಸಿಬಿಡಬೇಡಿ. ಮೀಕ 5, ಕೀರ್ತನೆ 110 ಅಂಥವಕ್ಕೆ ಹತ್ತಿರದ ನೆರವೇರಿಕೆ ತೋರಿಸುವುದೇ ಕಷ್ಟ. ಪ್ರತಿ ಭಾಗಕ್ಕೂ ಬೇರೆಯಾಗಿ ಕೇಳಬೇಕು.

ಕಿರುಯೋದ್, ವಿರಾಜಪೇಟೆ

ಯೆಶಾಯ 53ರ (ನೋವುಣ್ಣುವ ಸೇವಕನ ಅಧ್ಯಾಯದ) ಸುತ್ತ ಮೂರು ಸುದ್ದಿಗಳು ಹರಿದಾಡುತ್ತವೆ, ಮೂರೂ ಪೊಳ್ಳು.

"ಯೆಹೂದಿಗಳು ತಮ್ಮ ಬೈಬಲಿನಿಂದ ಆ ಅಧ್ಯಾಯ ತೆಗೆದುಹಾಕಿದ್ದಾರೆ." ಎಲ್ಲ ಹೀಬ್ರೂ ಬೈಬಲಿನಲ್ಲೂ ಇದೆ. ಸಿನಗಾಗಿನಲ್ಲಿ ವಾರವಾರ ಓದುವ ಪ್ರವಾದಿಗಳ ಭಾಗಗಳು (ಹಫ್ತಾರಾ) ಆಯ್ದ ಭಾಗಗಳು ಮಾತ್ರ. ಒಂದು ವಾರ 51:12ರಿಂದ 52:12, ಇನ್ನೊಂದು ವಾರ 54:1ರಿಂದ 10. ನಡುವಿನದು ಆ ಸರದಿಯಲ್ಲಿ ಬರುವುದಿಲ್ಲ, ಪ್ರವಾದಿಗಳ ಇನ್ನೂ ಎಷ್ಟೋ ಅಧ್ಯಾಯಗಳೂ ಬರುವುದಿಲ್ಲ. ನಿಷೇಧ ಅನ್ನುವುದಕ್ಕೆ ಆಧಾರವಿಲ್ಲ.

"ಸೇವಕ ಅಂದರೆ ಇಸ್ರಾಯೇಲ್ ಅನ್ನುವ ಅರ್ಥವನ್ನು ರಾಶಿ ಹುಟ್ಟುಹಾಕಿದ." ರಾಶಿ ಬದುಕಿದ್ದು 1040–1105. ಆದರೆ ಮೂರನೇ ಶತಮಾನದಲ್ಲೇ ಕ್ರೈಸ್ತ ಪಂಡಿತ ಒರಿಗೆನ್, ಕ್ರೈಸ್ತಮತವನ್ನು ಟೀಕಿಸಿದ ಕೆಲ್ಸಸನಿಗೆ ಉತ್ತರ ಬರೆಯುವಾಗ, ಯೆಹೂದಿ ಪಂಡಿತರು ಹಾಗೆ ವಾದಿಸಿದ್ದನ್ನು ದಾಖಲಿಸಿದ್ದಾನೆ. ಪಠ್ಯದಲ್ಲೇ ಅದಕ್ಕೆ ಬೇರು ಇದೆ: 41:8, 44:1, 49:3 ಎಲ್ಲ ಸೇವಕನನ್ನು ಇಸ್ರಾಯೇಲ್ ಎಂದೇ ಕರೆಯುತ್ತವೆ. ಎದುರು ಪ್ರಶ್ನೆ ಏಳುವುದು 49:5–6ರಲ್ಲಿ, ಅಲ್ಲಿ ಸೇವಕನೇ ಇಸ್ರಾಯೇಲನ್ನು ತಿರುಗಿ ತರುತ್ತಾನೆ. ಈ ಎಳೆದಾಟವನ್ನು 41ರಿಂದ ಓದಿಸಿಕೊಂಡು ಬಂದರೆ 53ಕ್ಕೆ ಬರುವ ಹೊತ್ತಿಗೆ ಪ್ರಶ್ನೆ ಹರಿತವಾಗಿರುತ್ತದೆ.

"ಹಳೆಯ ರಬ್ಬಿಗಳೆಲ್ಲ ಇದನ್ನು ನಮ್ಮಂತೆಯೇ ಓದುತ್ತಿದ್ದರು." ತಾರ್ಗುಮ್ 52:13ರಲ್ಲಿ "ನನ್ನ ಸೇವಕನಾದ ಮೆಸ್ಸೀಯ" ಅಂತ ಇದೆ, ನಿಜ. ಆದರೆ ಅದೇ ತಾರ್ಗುಮ್ ನೋವು, ಅವಮಾನಗಳನ್ನೆಲ್ಲ ಮೆಸ್ಸೀಯನಿಂದ ಬಿಡಿಸಿ ಜನಾಂಗಗಳ ಮೇಲೂ ಇಸ್ರಾಯೇಲಿನ ಮೇಲೂ ಹೊರಿಸುತ್ತದೆ. ಮೊದಲ ಸಾಲು ತೋರಿಸಿ ಉಳಿದದ್ದನ್ನು ಮುಚ್ಚುವುದು ನ್ಯಾಯವಲ್ಲ. ತಾಲ್ಮುದಿನ ಸನ್ಹೆದ್ರಿನ್ 98ಬಿ 53:4ನ್ನು ಮೆಸ್ಸೀಯನಿಗೆ ಹಚ್ಚುತ್ತದೆ, ಸುಕ್ಕಾ 52ಎ ಜೆಕರ್ಯ 12ರ ಗೋಳಾಟವನ್ನು ಸಾಯುವ "ಯೋಸೇಫನ ಮಗ ಮೆಸ್ಸೀಯ"ನಿಗೆ. ಈ ಎರಡನ್ನು ಹೇಳಿ, ಅಷ್ಟು ಸಾಕು.

11ನೇ ವಚನಕ್ಕೆ ಸ್ವಲ್ಪ ಹೊತ್ತು ಕೊಡಿ. ಮಸೊರೆಟಿಕ್ ಪಠ್ಯದಲ್ಲಿ (ಯೆಹೂದಿಗಳ ಪಾರಂಪರಿಕ ಹೀಬ್ರೂ ಪಠ್ಯ) "ನೋಡುವನು" ಅಂತ ಮಾತ್ರ ಇದೆ, ಏನನ್ನು ಅಂತ ಇಲ್ಲ. ಕುಮ್ರಾನ್ ಸುರುಳಿಯಲ್ಲಿ "ಬೆಳಕನ್ನು ನೋಡುವನು", ಸೆಪ್ಟುವಜಿಂಟಿನಲ್ಲೂ "ಬೆಳಕು" ಇದೆ.

ಬೆಟ್ಟದ ಓದುಗ, ಮಡಿಕೇರಿ

ಅದರ ಜೊತೆಗೇ ಕೀರ್ತನೆ 22:16 ಇಡಬಹುದು. ಲೆನಿನ್‌ಗ್ರಾಡ್ ಪ್ರತಿಯಲ್ಲಿ (ಕ್ರಿ.ಶ. 1008ರ ಸುಮಾರಿನದು, ಇಂದಿನ ಮುದ್ರಿತ ಹೀಬ್ರೂ ಬೈಬಲುಗಳಿಗೆ ಆಧಾರ) "ಕಾಅರೀ", ಅಂದರೆ "ಸಿಂಹದಂತೆ ನನ್ನ ಕೈಕಾಲು". ಕ್ರಿಯಾಪದ ಇಲ್ಲ, ವಾಕ್ಯ ಕುಂಟುತ್ತದೆ. ಮೃತಸಮುದ್ರದ ಬಳಿಯ ನಹಲ್ ಹೆವರ್‌ನಲ್ಲಿ ಸಿಕ್ಕ ಒಂದನೇ ಶತಮಾನದ ತುಣುಕಿನಲ್ಲಿ "ಕಾಅರೂ". ವ್ಯತ್ಯಾಸ ಕೊನೆಯ ಅಕ್ಷರದ್ದು: ಯೋದ್ ಅಥವಾ ವಾವ್. ಆ ಕಾಲದ ಕೈಬರಹದಲ್ಲಿ ಎರಡಕ್ಕೂ ಕಾಲಿನ ಉದ್ದದಲ್ಲಿ ಮಾತ್ರ ವ್ಯತ್ಯಾಸ, ಎಷ್ಟೋ ಕಡೆ ಅದೂ ಕಾಣುವುದಿಲ್ಲ. ಸೆಪ್ಟುವಜಿಂಟ್ "ಅಗೆದರು" ಅನ್ನುತ್ತದೆ. "ಚುಚ್ಚಿದರು" ಅನ್ನುವ ಅನುವಾದ ಈ ದಾರಿಯಲ್ಲಿ ಬಂದದ್ದು. ಆದರೂ "ಕಾಅರೂ"ವಿನ ನಡುವಿನ ಆಲೆಫ್ ಯಾಕೆ ಬಂತು ಅನ್ನುವುದಕ್ಕೆ ಸುಲಭ ಉತ್ತರವಿಲ್ಲ.

ಇನ್ನು, ಹೊಸ ಒಡಂಬಡಿಕೆ ಕೀರ್ತನೆ 22ರಿಂದ 1, 7–8, 18, 22 ಇವುಗಳನ್ನೆಲ್ಲ ಬಳಸುತ್ತದೆ, ಆದರೆ 16ನ್ನು ಎಲ್ಲೂ ಉದ್ಧರಿಸುವುದಿಲ್ಲ. ಅಪೊಸ್ತಲರು ವಾದಕ್ಕೆ ಎತ್ತದ ವಚನವನ್ನು ನಾವು ಮುಖ್ಯ ಸಾಕ್ಷಿ ಮಾಡಿ ನಿಲ್ಲಿಸಬೇಕಾಗಿಲ್ಲ.

ಲೆಕ್ಕದ ಪುಸ್ತಕ, ಸೋಮವಾರಪೇಟೆ

ದಾನಿಯೇಲ 9:24–27ಕ್ಕೆ ಒಂದು ಇಡೀ ವಾರ ಬೇಕು, ಕ್ಯಾಲ್ಕುಲೇಟರ್ ಸಹಿತ.

ಇಲ್ಲಿ ಒಂದು ವಾರಕ್ಕೆ ಏಳು ವರ್ಷ ಹಿಡಿಯುತ್ತಾರೆ: ಎಪ್ಪತ್ತು ವಾರ ಅಂದರೆ 490 ವರ್ಷ, ಅಭಿಷಿಕ್ತ ಬರುವವರೆಗಿನ 69 ವಾರ ಅಂದರೆ 483. ಎಲ್ಲಿಂದ ಎಣಿಸಬೇಕು? ಪರ್ಷಿಯದ ಅರಸರಲ್ಲಿ ಕೋರೆಷನ ಅಪ್ಪಣೆ ಕ್ರಿ.ಪೂ. 538. ಅರ್ತಷಸ್ತನ 7ನೇ ವರ್ಷ (ಎಜ್ರ 7) 458. ಅವನ 20ನೇ ವರ್ಷ (ನೆಹೆಮೀಯ 2) 445 ಅಥವಾ 444. ಕೂಡುವಾಗ ಎಲ್ಲರೂ ಮಾಡುವ ತಪ್ಪು ಶೂನ್ಯ ವರ್ಷ ಎಣಿಸುವುದು. ಕ್ರಿ.ಪೂ. 1 ಆದ ಕೂಡಲೇ ಕ್ರಿ.ಶ. 1. ಹಾಗಾಗಿ 483ರಿಂದ 458 ಕಳೆದರೆ 25, ಒಂದು ಸೇರಿಸಿ ಕ್ರಿ.ಶ. 26. ಅದೇ 445ರಿಂದ ಹೊರಟರೆ ಕ್ರಿ.ಶ. 39, ಯೇಸುವಿನ ಕಾಲ ದಾಟಿಹೋಯಿತು. ಅದನ್ನು ಒಳಗೆ ತರಲು ಸರ್ ರಾಬರ್ಟ್ ಆಂಡರ್ಸನ್ 360 ದಿನದ "ಪ್ರವಾದನಾ ವರ್ಷ" ಹಿಡಿದ. 483 × 360 = 1,73,880 ದಿನ. ಕ್ರಿ.ಪೂ. 445ರ ಮಾರ್ಚ್ 14ರಿಂದ ಕ್ರಿ.ಶ. 32ರ ಏಪ್ರಿಲ್ 6ರವರೆಗೆ ದಿನಕ್ಕೆ ದಿನ ಸರಿಹೋಗುತ್ತದೆ ಅಂದ. ಪ್ರಸಂಗಗಳಲ್ಲಿ ಮೈ ಜುಮ್ಮೆನ್ನಿಸುವ ಹಾಗೆ ಹೇಳುವುದು ಇದನ್ನೇ.

ಲೆಕ್ಕ ಬಿಚ್ಚಿ ನೋಡಿ. 476 ವರ್ಷ × 365 = 1,73,740. ಮಾರ್ಚ್ 14ರಿಂದ ಏಪ್ರಿಲ್ 6, ಎರಡೂ ತುದಿ ಸೇರಿ 24. ಅಧಿಕದಿನ 116. ಕೂಡಿದರೆ 1,73,880. ಆದರೆ ಆ ತಾರೀಖುಗಳು ಜೂಲಿಯನ್ ಪಂಚಾಂಗದವು, ಅಲ್ಲಿ ನಾಲ್ಕು ವರ್ಷಕ್ಕೊಂದು ಅಧಿಕದಿನ ತಪ್ಪುವುದಿಲ್ಲ: 119 ಆಗಬೇಕು. 116 ಬಂದದ್ದು ಗ್ರೆಗೋರಿಯನ್ ಕಡಿತ ಹಾಕಿದ್ದರಿಂದ. ಮೂರು ದಿನ ಜಾರಿತು, "ದಿನಕ್ಕೆ ದಿನ" ಅನ್ನುವುದು ಅಲ್ಲಿಗೆ ಮುಗಿಯಿತು. ಮೇಲಾಗಿ ಯೇಸು ಶಿಲುಬೆಗೇರಿದ್ದು ಪಸ್ಕದ ಹೊತ್ತಿಗೆ, ನಿಸಾನ್ ತಿಂಗಳ 14 ಅಥವಾ 15 ಶುಕ್ರವಾರಕ್ಕೆ ಬೀಳುವ ವರ್ಷಗಳು ಎಂದು ವಿದ್ವಾಂಸರು ಹೆಚ್ಚಾಗಿ ಹಿಡಿಯುವುದು 30 ಮತ್ತು 33ನ್ನು, 32ನ್ನಲ್ಲ.

ಇನ್ನೊಂದು ಗಂಟು 25ನೇ ವಚನದಲ್ಲಿದೆ. "ಏಳು ವಾರ" ಆದಮೇಲೆ ಹೀಬ್ರೂ ಪಠ್ಯದಲ್ಲಿ ಅತ್ನಾಖ್ ಅನ್ನುವ ವಿರಾಮಚಿಹ್ನೆ ಇದೆ. ಅದನ್ನು ಪಾಲಿಸಿದರೆ ಅಭಿಷಿಕ್ತ ಬರುವುದು ಏಳು ವಾರದ ಕೊನೆಗೆ, 62 ವಾರ ಬೇರೆ ವಾಕ್ಯ. ಥಿಯೊಡೋಷನ್‌ನ ಗ್ರೀಕ್ ಅನುವಾದ ಎರಡನ್ನೂ ಸೇರಿಸಿ ಓದುತ್ತದೆ. ಆ ಚಿಹ್ನೆಗಳನ್ನು ಬರಹಕ್ಕೆ ಹಾಕಿದ್ದು ಕ್ರಿಸ್ತಶಕದ ಮಧ್ಯಯುಗದ ಮಸೊರೇಟರು (ಯೆಹೂದಿ ಪಠ್ಯಕಾರರು), ಹಾಗಾಗಿ ಎರಡೂ ಕಡೆ ವಾದಕ್ಕೆ ಜಾಗ ಇದೆ. ಜೊತೆಗೆ, ಕ್ರಿ.ಪೂ. 171ರ ಸುಮಾರಿಗೆ ಕೊಲೆಯಾದ ಮಹಾಯಾಜಕ ಮೂರನೇ ಓನಿಯನೇ "ಛೇದಿಸಲ್ಪಟ್ಟ ಅಭಿಷಿಕ್ತ" ಅನ್ನುವ ವಿದ್ವಾಂಸರ ಓದನ್ನೂ ಹೇಳಬೇಕು. ಅಭಿಷಿಕ್ತ ಅನ್ನುವುದು ಹಳೆ ಒಡಂಬಡಿಕೆಯಲ್ಲಿ ಯಾಜಕನಿಗೂ (ಯಾಜಕಕಾಂಡ 4:3) ಸೌಲನಿಗೂ ಅನ್ಯಜನ ಕೋರೆಷನಿಗೂ (ಯೆಶಾಯ 45:1) ಸಲ್ಲುವ ಪದ.

ನನ್ನ ಮಟ್ಟಿಗೆ 458ರ ಲೆಕ್ಕ ಹೆಚ್ಚು ನೇರ, ಆದರೆ ಅದನ್ನೂ ದಿನಾಂಕಕ್ಕೆ ಎಳೆಯಬಾರದು.

ಹುಳಿ ಇಲ್ಲದ ರೊಟ್ಟಿ, ಗೋಣಿಕೊಪ್ಪ

ಪಸ್ಕಕ್ಕೆ ಬರೋಣ. ಅಕ್ಕಿರೊಟ್ಟಿ ಆಗುವುದಿಲ್ಲ. ಕಾರಣ ಸ್ವಾರಸ್ಯವಾಗಿದೆ: ಮತ್ಸಾ (ಪಸ್ಕದ ರೊಟ್ಟಿ) ಹುಳಿಯಿಲ್ಲದ್ದಾಗಿದ್ದರೆ ಸಾಲದು, ಹುಳಿಬರಬಲ್ಲ ಧಾನ್ಯದ್ದೇ ಆಗಿರಬೇಕು. ಯೆಹೂದಿ ನಿಯಮಗಳ ಸಂಗ್ರಹ ಮಿಷ್ನಾ ಐದು ಧಾನ್ಯ ಹೇಳುತ್ತದೆ, ಗೋಧಿ ಮತ್ತು ಜವೆಗೋಧಿ ಅದರಲ್ಲಿ ಮುಖ್ಯ. ಅಕ್ಕಿ ನೆನೆದರೆ ಹುಳಿಯಾಗುವುದಲ್ಲ, ಕೊಳೆಯುವುದು ಅಂತ ತಾಲ್ಮುದಿನ ವಾದ. ಹಾಗಾಗಿ ಕಡಂಬುಟ್ಟು, ನೂಪುಟ್ಟು ಯಾವುದೂ ಲೆಕ್ಕಕ್ಕಿಲ್ಲ.

ಗೋಧಿಯಲ್ಲಿ ಮಾಡಿ ತೋರಿಸುವುದಾದರೆ: ಮೂರು ಲೋಟ ಹಿಟ್ಟಿಗೆ ಸುಮಾರು ಒಂದು ಲೋಟ ತಣ್ಣೀರು. ಉಪ್ಪು, ಎಣ್ಣೆ, ಮೊಸರು ಏನೂ ಬೇಡ. ನೀರು ತಾಗಿದ ಕ್ಷಣದಿಂದ ಬೇಯುವವರೆಗೆ 18 ನಿಮಿಷದ ಒಳಗೆ ಮುಗಿಯಬೇಕು. ಹಂಚು ಮೊದಲೇ ಚೆನ್ನಾಗಿ ಕಾದಿರಲಿ, ಇಲ್ಲಿ ಎಡವುವುದೇ ಅದರಲ್ಲಿ: ಹಿಟ್ಟು ಕಲಸಿ ಆಮೇಲೆ ಒಲೆ ಹಚ್ಚುತ್ತಾರೆ. ಸಣ್ಣ ಉಂಡೆ, ತೆಳ್ಳಗೆ ಲಟ್ಟಿಸಿ, ಫೋರ್ಕಿನಿಂದ ಚುಚ್ಚಿ. ಚುಚ್ಚದಿದ್ದರೆ ಪೂರಿಯಂತೆ ಉಬ್ಬುತ್ತದೆ. ಇದು ತಿಳಿಸಿಕೊಡಲು ಮಾಡಿದ ರೊಟ್ಟಿಯೇ ಹೊರತು ಯೆಹೂದಿ ನಿಯಮದ ಪ್ರಕಾರ ಪಸ್ಕಕ್ಕೆ ಸಲ್ಲುವಂಥದ್ದಲ್ಲ. ಅದಕ್ಕೆ ಹಿಟ್ಟನ್ನೂ ಮೊದಲಿನಿಂದ ನೀರು ತಾಗದಂತೆ ಕಾದಿರಬೇಕು.

ಆದರೆ "ನೋಡಿ, ಮತ್ಸಾದ ಮೇಲೆ ಬಾಸುಂಡೆ, ತೂತು, ಯೇಸುವಿನ ಗಾಯದ ಗುರುತು" ಅಂತ ಹೇಳಬೇಡಿ. ಸಾಲುಸಾಲು ತೂತಿನ ಆ ಚೌಕ ಬಿಸ್ಕತ್ತಿನಂಥ ರೂಪ ಯಂತ್ರದ್ದು. ಮೊದಲ ಮತ್ಸಾ ಯಂತ್ರ ಬಂದದ್ದು 1838ರಲ್ಲಿ, ಫ್ರಾನ್ಸಿನಲ್ಲಿ. ಮತ್ಸಾದ ತುಣುಕು ಬಚ್ಚಿಟ್ಟು ಹುಡುಕುವ ಅಫಿಕೋಮೆನ್ ಆಟವೂ ಯೇಸುವಿನ ಕಾಲದ್ದಲ್ಲ. ನಾಲ್ಕು ಪಾತ್ರೆ ದ್ರಾಕ್ಷಾರಸದ ಕ್ರಮ ನಮಗೆ ಮೊದಲು ಬರಹದಲ್ಲಿ ಸಿಗುವುದು ಸುಮಾರು ಕ್ರಿ.ಶ. 200ರ ಮಿಷ್ನಾದಲ್ಲಿ, ಪೆಸಾಹಿಮ್ 10ನೇ ಅಧ್ಯಾಯ. ಕ್ರಿ.ಶ. 70ರವರೆಗೆ ಹಬ್ಬದ ನಡುಮಧ್ಯ ಇದ್ದದ್ದು ದೇವಾಲಯದಲ್ಲಿ ಕೊಯ್ದ ಕುರಿ.

ನನ್ನ ಸಲಹೆ, ಪೂರ್ತಿ ಸೇದರ್ (ಪಸ್ಕದ ಊಟದ ಆಚರಣೆ) ನಡೆಸಬೇಡಿ. ಅದು ಜೀವಂತವಾಗಿರುವ ಇನ್ನೊಂದು ಸಮುದಾಯದ ಆರಾಧನೆ. ನಾವು ಅದರ ಮೇಲೆ ನಮ್ಮ ಅರ್ಥ ಅಂಟಿಸಿ ನಾಟಕ ಆಡಿದರೆ ಅವರಿಗೆ ನೋವಾಗುತ್ತದೆ. ವಿಮೋಚನಕಾಂಡ 12, ಪೆಸಾಹಿಮ್ 10, ಲೂಕ 22 ಮೂರನ್ನೂ ಪಕ್ಕಪಕ್ಕ ಓದಿ, ರೊಟ್ಟಿ ತೋರಿಸಿ, ಅಷ್ಟೇ. ಊರಿನ ನೆಲ್ಲಿಕಾಯಿ ವೈನ್ ಇಡುವ ಯೋಚನೆ ಇದ್ದರೆ ಅದನ್ನೂ ಬಿಡಿ, "ದ್ರಾಕ್ಷೇಬಳ್ಳಿಯ ಹಣ್ಣು" ಅಂದರೆ ದ್ರಾಕ್ಷಿಯದ್ದೇ.

ಲೆಕ್ಕದ ಪುಸ್ತಕ, ಸೋಮವಾರಪೇಟೆ

ತಾರೀಖಿನ ಬಗ್ಗೆ ಕೇಳುವವರಿಗೆ: ಯೆಹೂದಿ ಪಂಚಾಂಗ ಚಾಂದ್ರ, ಆದರೆ 19 ವರ್ಷದಲ್ಲಿ ಏಳು ಸಲ ಅಧಿಕಮಾಸ ಸೇರಿಸಿ ಋತುವಿಗೆ ಕಟ್ಟುತ್ತಾರೆ. ಅಧಿಕಮಾಸ ಬಂದ ವರ್ಷ ಈಸ್ಟರ್ ಮತ್ತು ಪಸ್ಕ ದೂರವಾಗಬಹುದು. 2024ರಲ್ಲಿ ಈಸ್ಟರ್ ಮಾರ್ಚ್ 31, ಪಸ್ಕ ಶುರುವಾದದ್ದು ಏಪ್ರಿಲ್ 22ರ ಸಂಜೆ. ತುಲಾ ಸಂಕ್ರಮಣ ಸೌರಮಾನದ್ದಾದ್ದರಿಂದ ಪ್ರತಿವರ್ಷ ಅಕ್ಟೋಬರ್ 17ರ ಆಸುಪಾಸಿಗೇ ಬರುವುದನ್ನು ನೋಡಿದವರಿಗೆ ಈ ಓಡಾಟ ವಿಚಿತ್ರ ಅನ್ನಿಸುತ್ತದೆ. ದಿನ ಶುರುವಾಗುವುದೂ ಸೂರ್ಯ ಮುಳುಗಿದ ಮೇಲೆ.

ಮೂರನೇ ಬೆಂಚು, ಕುಶಾಲನಗರ

ಯೂತ್ ಗ್ರೂಪಿನವರು ಖಂಡಿತ ತರುವ ಇನ್ನೊಂದು: "ಹೀಬ್ರೂ ಅಕ್ಷರ ಚಿತ್ರಗಳು, ಯೋದ್-ಹೇ-ವಾವ್-ಹೇ (ಯೆಹೋವ ನಾಮದ ನಾಲ್ಕಕ್ಷರ) ಅಂದರೆ ಕೈ ನೋಡು, ಮೊಳೆ ನೋಡು". ಅಕ್ಷರಗಳ ಹೆಸರು ಹಳೆಯ ಚಿತ್ರಗಳಿಂದ ಬಂದದ್ದು ನಿಜ, ಆದರೆ ಪದ ಬರೆದವರು ಅವನ್ನು ಧ್ವನಿಗಾಗಿ ಬಳಸಿದರು. ಆ ವಿಧಾನದಲ್ಲಿ ಯಾವ ಪದದಿಂದ ಏನು ಬೇಕಾದರೂ ತೆಗೆಯಬಹುದು. "ಏತ್" (ಆಲೆಫ್-ತಾವ್) ಕಂಡಲ್ಲೆಲ್ಲ ಯೇಸು ಅನ್ನುವುದೂ ಹಾಗೇ. ಅದು ಕರ್ಮವನ್ನು ತೋರಿಸುವ ಚಿಕ್ಕ ಪದ, ನಮ್ಮ "ಅನ್ನು" ವಿಭಕ್ತಿಯ ಕೆಲಸ, ಸಾವಿರಾರು ಸಲ ಬರುತ್ತದೆ.

ಅಕ್ಷರಸಂಖ್ಯೆ (ಅಕ್ಷರಕ್ಕೊಂದು ಬೆಲೆ ಕೊಟ್ಟು ಕೂಡುವುದು) ಪೂರ್ತಿ ಸುಳ್ಳು ಅಂತಲೂ ಅಲ್ಲ. ಮತ್ತಾಯ 1:17ರ ಹದಿನಾಲ್ಕು ತಲೆಮಾರಿಗೆ ದಾವೀದನ ಹೆಸರಿನ ದಾಲೆತ್ 4, ವಾವ್ 6, ದಾಲೆತ್ 4 ಸರಿಹೊಂದುತ್ತದೆ. ಆದರೆ ಪೂರ್ವಕಾಲವೃತ್ತಾಂತದಲ್ಲಿ ಅದೇ ಹೆಸರಿಗೆ ನಡುವೆ ಯೋದ್ ಸೇರಿಸಿ ಬರೆಯುತ್ತಾರೆ, ಮೊತ್ತ 24 ಆಗುತ್ತದೆ. ಎಷ್ಟು ಭಾರ ಹಾಕಬಹುದು ಅಂತ ನೀವೇ ಅಂದಾಜು ಮಾಡಿ.

ಕಿರುಯೋದ್, ವಿರಾಜಪೇಟೆ

"ಯೆಹೂದಿ ಬೇರು" ಅಂದ ಮೇಲೆ ರೋಮಾಪುರ 11 ಬಿಡಬೇಡಿ. ಕಿತ್ತಳೆಗೆ ಕಸಿ ಕಟ್ಟುವ ಊರಿನವರಿಗೆ ಅದು ಬೇಗ ತಿಳಿಯುತ್ತದೆ. ಗಟ್ಟಿ ಬೇರಿನ ಗಿಡದ ಮೇಲೆ ಒಳ್ಳೆಯ ತಳಿಯ ಕಣ್ಣು ಕೂರಿಸುವುದು ರೂಢಿ. ಪೌಲ ಹೇಳುವುದು ತಿರುಗುಮುರುಗು, ಕಾಡು ಎಣ್ಣೆಮರದ ಕೊಂಬೆಯನ್ನು ಊರಮರಕ್ಕೆ ಕಟ್ಟಿದ್ದು. 24ನೇ ವಚನದಲ್ಲಿ ಅವನೇ "ಸ್ವಭಾವಕ್ಕೆ ವಿರುದ್ಧ" ಅನ್ನುತ್ತಾನೆ. ಕೊಂಬೆ ಬೇರಿನೆದುರು ಹಿಗ್ಗಬಾರದು ಅನ್ನುವುದು 18ನೇ ವಚನ. ಇಡೀ ಸ್ಟಡಿಯಲ್ಲಿ ಯೆಹೂದಿಗಳ ಬಗ್ಗೆ "ಕುರುಡರು, ತಿದ್ದಿದವರು" ಅನ್ನುವ ಧಾಟಿ ಬಂದರೆ ಅಲ್ಲೇ ತಡೆಯಲು ಈ ಅಧ್ಯಾಯ ಬೇಕು. ಮೊದಲ ವಾರವೇ ಓದಿಸಿದರೆ ಇನ್ನೂ ವಾಸಿ.

ಗುಂಪಾಗಿ ಹೋಗುವ ಮನಸ್ಸಿದ್ದರೆ ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರ ಪರದೇಶಿ ಸಿನಗಾಗ್ ಇದೆ. ಶುಕ್ರವಾರ, ಶನಿವಾರ ಇಟ್ಟುಕೊಳ್ಳಬೇಡಿ, ಸಬ್ಬತ್ತಿಗೆ ಮುಚ್ಚಿರುತ್ತದೆ. ಯೆಹೂದಿ ಹಬ್ಬಗಳ ದಿನವೂ ಅಷ್ಟೇ.

ಸಿದ್ದಾಪುರ ಕೂಟ

ರೋಮಾಪುರ 11 ಮೊದಲ ವಾರಕ್ಕೆ ಹಾಕಿಕೊಂಡೆವು. ಸೇದರ್ ಕೈಬಿಟ್ಟಿದ್ದೇವೆ, ರೊಟ್ಟಿ ಮಾತ್ರ. ಹಾಳೆಗಳದ್ದೇ ಈಗ ತಲೆನೋವು: ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕನ್ನಡದ ನಡುವೆ ಹೀಬ್ರೂ ಪೇಸ್ಟ್ ಮಾಡಿದರೆ ಪದ ಉಲ್ಟಾ ಬರುತ್ತಿದೆ, ಸ್ವರಚಿಹ್ನೆ ಪಕ್ಕಕ್ಕೆ ಜಾರುತ್ತಿದೆ.

ಕಿರುಯೋದ್, ವಿರಾಜಪೇಟೆ

ನುಡಿಯ ಹಳೆಯ ಆಸ್ಕಿ ಫಾಂಟ್ ಬಿಡಿ, ಇಡೀ ಫೈಲ್ ಯುನಿಕೋಡಿನಲ್ಲಿ ಇರಲಿ. ಆಸ್ಕಿ ಪಠ್ಯವನ್ನು ಮೊದಲು ಬೇರೆಯಾಗಿ ಯುನಿಕೋಡಿಗೆ ಬದಲಿಸಿ, ಹೀಬ್ರೂ ಸೇರಿಸುವುದು ಆಮೇಲೆ. ಒಟ್ಟಿಗೆ ಕನ್ವರ್ಟರಿಗೆ ಹಾಕಿದರೆ ಹೀಬ್ರೂ ಕೆಡುತ್ತದೆ. ಹೀಬ್ರೂಗೆ ಎಸ್‌ಬಿಎಲ್ ಹೀಬ್ರೂ ಅಥವಾ ಎಜ್ರಾ ಎಸ್‌ಐಎಲ್ ಫಾಂಟ್ ಹಾಕಿ, ಎರಡೂ ಉಚಿತ, ಚಿಹ್ನೆಗಳು ಜಾಗ ಬಿಡುವುದಿಲ್ಲ. ಕನ್ನಡದ ಸಾಲಿನೊಳಗೆ ಹೀಬ್ರೂ ನುಗ್ಗಿಸಬೇಡಿ. ಎರಡು ಕಾಲಂ ಟೇಬಲ್ ಮಾಡಿ, ಬಲಗಡೆಯದನ್ನು ಬಲದಿಂದ ಎಡಕ್ಕೆ ಅಂತ ಸೆಟ್ ಮಾಡಿ. ಅಕ್ಷರದ ಗಾತ್ರ ಕನಿಷ್ಠ 20, ಇಲ್ಲವಾದರೆ ದಾಲೆತ್–ರೇಶ್ ಹಿರಿಯರ ಕಣ್ಣಿಗೆ ಒಂದೇ. ಪ್ರಿಂಟಿಗೆ ಪಿಡಿಎಫ್ ಮಾಡಿಯೇ ಕೊಡಿ. ಜುಲೈನಲ್ಲಿ ಕರೆಂಟೂ ನೆಟ್‌ವರ್ಕೂ ಹೇಳಿಕೇಳಿ ಹೋಗುವುದಿಲ್ಲ, ಆದ್ದರಿಂದ ಸೆಫಾರಿಯಾ ಜಾಲತಾಣದಿಂದ ಬೇಕಾದ ರಾಶಿಯ ವ್ಯಾಖ್ಯಾನ, ತಾಲ್ಮುದ್ ಭಾಗಗಳನ್ನು ಮೇ ತಿಂಗಳಲ್ಲೇ ಇಳಿಸಿಕೊಳ್ಳಿ. ಅಕ್ಷರಮಾಲೆಯ ಹಾಳೆಗೆ ಲ್ಯಾಮಿನೇಷನ್ ಮಾಡಿಸಿ, ಬರೀ ಕಾಗದ ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ.